ಮೂತ್ರಪಿಂಡಕ್ಕೂ ಕಿವಿಗೂ ನಂಟೇನು?

ಮೂತ್ರಪಿಂಡಗಳಿರುವುದು ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಪಕ್ಕೆಲುಬುಗಳ ಕೆಳಗೆ. ಶಬ್ದವನ್ನು ಗ್ರಹಿಸುವ ಕಿವಿಯ ಶಂಖವಿರುವುದು ತಲೆಬುರುಡೆಯ ಎಲುಬಿನೊಳಗೆ. ಕಣ್ಣಿನ ಮಸೂರವಿರುವುದು ಪಾಪೆಯ ಹಿಂದೆ. ಒಂದು ಸೋಸುತ್ತದೆ, ಇನ್ನೊಂದು ಕೇಳುತ್ತದೆ, ಮತ್ತೊಂದು ನೋಟಕ್ಕೆ ನೆರವಾಗುತ್ತದೆ. ಸ್ಥಾನದಲ್ಲಾಗಲಿ ಕೆಲಸದಲ್ಲಾಗಲಿ ಇವುಗಳಿಗೆ ಯಾವ ಹೋಲಿಕೆಯೂ ಇಲ್ಲ. ಆದರೂ ಈ ಮೂರನ್ನೂ ಒಟ್ಟಿಗೆ ಕೆಡಿಸುವ ರೋಗವೊಂದುಂಟು. ಅದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುತ್ತದೆ. ವೈದ್ಯರು ಅದನ್ನು ಆಲ್ಪೋರ್ಟ್ ವ್ಯಾಧಿ ಎಂದು ಕರೆಯುತ್ತಾರೆ. ಈ ಮೂರು ಅಂಗಗಳ ಗುಟ್ಟಾದ ನಂಟನ್ನು ಕಂಡುಹಿಡಿಯುವುದಕ್ಕೆ ವಿಜ್ಞಾನಿಗಳಿಗೆ ಸುಮಾರು ೯೦ ವರ್ಷಗಳು ಬೇಕಾದವು. ಆ ಶೋಧಕ್ಕೆ ಬೇಕಾಗಿದ್ದ ಒಂದು ಮುಖ್ಯವಾದ ತಿಳಿವು ನಾವು ವಾಸಿಸುತ್ತಿರುವ ಈ ಚೆನ್ನೈ ನಗರದಲ್ಲಿಯೇ ಹುಟ್ಟಿತೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಬಹು ಮಂದಿಗೆ ತಿಳಿಯದು. ಈ ವರ್ಷದ ಸಂಚಿಕೆಗೆ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಅದೊಂದು ಕಾರಣ. ಇನ್ನೊಂದು ಕಾರಣವನ್ನು ಮುಂದೆ ಹೇಳುತ್ತೇವೆ. ಅದು ತರಗತಿಯ ಹಿಂದಿನ ಬೆಂಚಿಗೆ ಸಂಬಂಧಪಟ್ಟದ್ದು.

ಮೊದಲು ಮೂತ್ರಪಿಂಡದ ಕೆಲಸವನ್ನು ನೆನಪಿಗೆ ತಂದುಕೊಳ್ಳೋಣ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ಒಂದೊಂದು ಶೋಧಕವೂ ನೂಲಿನುಂಡೆಯಂತೆ ಸುತ್ತಿಕೊಂಡ ಲೋಮನಾಳಗಳ ಗೊಂಚಲು. ರಕ್ತವು ಒತ್ತಡದಿಂದ ಇದರೊಳಗೆ ಹರಿಯುವಾಗ ನೀರು, ಲವಣ, ಕಲ್ಮಷಗಳು ನಾಳದ ಗೋಡೆಯ ಮೂಲಕ ಹೊರಕ್ಕೆ ಜಿನುಗುತ್ತವೆ. ರಕ್ತಕಣಗಳೂ ಸಸಾರಜನಕಗಳೂ ಒಳಗೇ ಉಳಿಯುತ್ತವೆ. ದಿನವೊಂದಕ್ಕೆ ಸುಮಾರು ೧೮೦ ಲೀಟರು ದ್ರವ ಹೀಗೆ ಸೋಸಿ ಬರುತ್ತದೆ. ಅದರಲ್ಲಿ ಒಂದೆರಡು ಲೀಟರು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ, ಮಿಕ್ಕದ್ದೆಲ್ಲ ರಕ್ತಕ್ಕೆ ಹಿಂತಿರುಗುತ್ತದೆ. ಮನೆಯಲ್ಲಿ ಕಾಫಿಯ ಡಿಕಾಕ್ಷನ್ ಇಳಿಯುವುದನ್ನು ನೋಡದ ವಿದ್ಯಾರ್ಥಿ ಈ ಊರಿನಲ್ಲಿ ಇರಲಾರನು. ಫಿಲ್ಟರಿನ ರಂಧ್ರಗಳು ಸರಿಯಾಗಿದ್ದರೆ ರಸ ಮಾತ್ರ ಇಳಿಯುತ್ತದೆ. ರಂಧ್ರಗಳು ಹಿಗ್ಗಿದರೆ ಪುಡಿಯೂ ಕೆಳಕ್ಕೆ ಬೀಳುತ್ತದೆ. ಮೂತ್ರಪಿಂಡದ ಶೋಧಕದಲ್ಲಿ ಈ ಜರಡಿಯ ಆಧಾರವಾಗಿರುವುದು ಒಂದು ಬಲು ತೆಳುವಾದ ಪೊರೆ. ಅದನ್ನು ತಳಪೊರೆಯೆಂದು ಕರೆಯೋಣ. ಅದರ ದಪ್ಪ ಒಂದು ಮಿಲಿಮೀಟರನ್ನು ಮೂರು ಸಾವಿರ ಪಾಲು ಮಾಡಿದರೆ ಅದರಲ್ಲಿ ಸುಮಾರು ಒಂದು ಪಾಲು. ನಮ್ಮ ಕಥೆಯೆಲ್ಲ ಈ ಪೊರೆಯನ್ನೇ ಸುತ್ತಿಕೊಂಡಿದೆ.

೧೯೦೨ರಲ್ಲಿ ಲಿಯೊನಾರ್ಡ್ ಗತ್ರಿ ಎಂಬ ಇಂಗ್ಲಿಷ್ ವೈದ್ಯರು ಒಂದು ಕುಟುಂಬದ ಹಲವರ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುತ್ತಿದ್ದುದನ್ನು ಗಮನಿಸಿ ಬರೆದಿಟ್ಟರು. ೧೯೧೨ರಲ್ಲಿ ಕೆಂಡಾಲ್ ಮತ್ತು ಹರ್ಟ್ಸ್ ಎಂಬವರೂ, ೧೯೨೩ರಲ್ಲಿ ಹರ್ಸ್ಟ್ ಎಂಬವರೂ ಅದೇ ಕುಟುಂಬವನ್ನು ಮತ್ತೆ ಪರೀಕ್ಷಿಸಿದರು. (ಹರ್ಟ್ಸ್ ಮತ್ತು ಹರ್ಸ್ಟ್ ಇಬ್ಬರಲ್ಲ, ಒಬ್ಬರೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರು ತಮ್ಮ ಜರ್ಮನ್ ಹೆಸರನ್ನು ಬದಲಿಸಿಕೊಂಡರು.) ಇವರೆಲ್ಲರ ಗಮನವೂ ಮೂತ್ರದ ಮೇಲೆಯೇ ಇತ್ತು. ೧೯೨೭ರಲ್ಲಿ ಅದೇ ಕುಟುಂಬವನ್ನು ನೋಡಿದ ಸಿಸಿಲ್ ಆಲ್ಪೋರ್ಟ್ ಅವರು, ಮೂತ್ರಪಿಂಡದ ರೋಗವುಳ್ಳವರಲ್ಲಿ ಅನೇಕರು ಕಿವುಡರೂ ಆಗಿದ್ದಾರೆಂಬುದನ್ನು ಕಂಡರು. ಇದು ಕಾಕತಾಳೀಯವಲ್ಲ, ಎರಡೂ ಒಂದೇ ರೋಗದ ಎರಡು ಮುಖಗಳು ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದರು. ಗಂಡುಮಕ್ಕಳಿಗೆ ರೋಗವು ಉಗ್ರವಾಗಿ ಬಂದು ಅವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಳ್ಳುತ್ತಾರೆ, ಹೆಣ್ಣುಮಕ್ಕಳು ಮುಪ್ಪಿನವರೆಗೂ ಬಾಳುತ್ತಾರೆ ಎಂಬುದನ್ನೂ ಅವರು ಗುರುತಿಸಿದರು. ಕಣ್ಣಿನ ದೋಷವು ಈ ಸಾಲಿಗೆ ಸೇರಿದ್ದು ೧೯೫೦ರ ದಶಕದಲ್ಲಿ.

ಆಲ್ಪೋರ್ಟ್ ಅವರ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆವು. ಅವರು ೧೮೮೦ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತು, ಲಂಡನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ೧೯೩೭ರಲ್ಲಿ ಪ್ರಾಧ್ಯಾಪಕರಾಗಿ ಕೈರೋ ನಗರಕ್ಕೆ ಹೋದರು. ಅಲ್ಲಿ ಬಡರೋಗಿಗಳನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಸಹಿಸಲಾರದೆ ಹೋರಾಡಿ, ಕೊನೆಗೆ ಹುದ್ದೆಯನ್ನು ಬಿಟ್ಟು, ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ೧೯೫೯ರಲ್ಲಿ ತೀರಿಕೊಂಡರು. ಈ ರೋಗಕ್ಕೆ ಅವರ ಹೆಸರನ್ನಿಟ್ಟದ್ದು ೧೯೬೧ರಲ್ಲಿ, ವಿಲಿಯಂಸನ್ ಎಂಬ ವೈದ್ಯರು. ತಮ್ಮ ಹೆಸರು ಹೀಗೆ ಉಳಿಯುವುದೆಂದು ಆಲ್ಪೋರ್ಟ್ ಅವರು ತಿಳಿಯಲೇ ಇಲ್ಲ.

ಗಂಡಿಗೆ ಉಗ್ರ, ಹೆಣ್ಣಿಗೆ ಸೌಮ್ಯ ಎಂಬ ಈ ವ್ಯತ್ಯಾಸಕ್ಕೆ ಕಾರಣವೇನು? ಹೆಣ್ಣಿನ ಜೀವಕೋಶದಲ್ಲಿ ಎಕ್ಸ್ ಎಂಬ ವರ್ಣತಂತುಗಳು ಎರಡು. ಗಂಡಿನ ಕೋಶದಲ್ಲಿ ಒಂದೇ. ಹೆಚ್ಚಿನ ಕುಟುಂಬಗಳಲ್ಲಿ ಈ ರೋಗದ ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಒಂದು ಕೆಟ್ಟಿದ್ದರೆ ಇನ್ನೊಂದು ಅಷ್ಟಿಷ್ಟು ಕೆಲಸ ನಡೆಸುತ್ತದೆ. ಗಂಡಿಗೆ ಆ ಆಸರೆಯಿಲ್ಲ. ಮಗನಿಗೆ ಎಕ್ಸ್ ಬರುವುದು ತಾಯಿಯಿಂದಲೇ. ಆದುದರಿಂದ ದೋಷವುಳ್ಳ ತಂದೆಯು ಅದನ್ನು ಮಗನಿಗೆ ಕೊಡಲಾರನು, ಹೆಣ್ಣುಮಕ್ಕಳೆಲ್ಲರಿಗೂ ಕೊಡುತ್ತಾನೆ. ದೋಷವುಳ್ಳ ತಾಯಿಯ ಒಂದೊಂದು ಮಗುವಿಗೂ, ಅದು ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧಕ್ಕರ್ಧ. ನಾಣ್ಯವನ್ನು ಚಿಮ್ಮಿದಂತೆ. ಚಿಮ್ಮುವಾಗ ಯಾವ ಮುಖ ಬೀಳುವುದೆಂಬುದು ಯಾರ ಕೈಯಲ್ಲಿಯೂ ಇಲ್ಲ. ಆದುದರಿಂದ ‘ತಾಯಿಯಿಂದ ಬಂದ ರೋಗ’ ಎಂಬ ಮಾತನ್ನು ‘ತಾಯಿಯ ತಪ್ಪು’ ಎಂದು ತಿಳಿಯುವುದು ವಿಜ್ಞಾನಕ್ಕೂ ದೂರ, ನ್ಯಾಯಕ್ಕೂ ದೂರ. ಕೆಲವರಲ್ಲಂತೂ ಈ ದೋಷವು ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದೆ ಹೊಸದಾಗಿ ತೋರುವುದುಂಟು.

ಇಲ್ಲಿ ಆಲ್ಪೋರ್ಟ್ ಅವರ ಮಾತನ್ನೂ ಸ್ವಲ್ಪ ತಿದ್ದಬೇಕಾಗಿದೆ. ಹೆಂಗಸರಿಗೆ ಅಪಾಯವಿಲ್ಲವೆಂಬ ನಂಬಿಕೆ ಬಹುಕಾಲ ನಡೆಯಿತು. ಅವರನ್ನು ಕೇವಲ ‘ವಾಹಕ’ರೆಂದು ಕರೆದು, ಅವರ ಮೂತ್ರವನ್ನಾಗಲಿ ರಕ್ತದ ಒತ್ತಡವನ್ನಾಗಲಿ ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಯೂರೋಪಿನ ಅನೇಕ ಕುಟುಂಬಗಳ ಸಮೀಕ್ಷೆಯೊಂದರ ಫಲಿತಾಂಶಗಳು ೨೦೦೦ ಮತ್ತು ೨೦೦೩ರಲ್ಲಿ ಪ್ರಕಟವಾದವು. ಎಕ್ಸ್ ವರ್ಣತಂತುವಿನ ಮೂಲಕ ಈ ರೋಗ ಬಂದ ಗಂಡಸರಲ್ಲಿ ೪೦ನೆಯ ವಯಸ್ಸಿನೊಳಗೆ ಮೂತ್ರಪಿಂಡ ಸೋಲುವ ಸಂಭವ ನೂರಕ್ಕೆ ೯೦. ಹೆಂಗಸರಲ್ಲಿ ನೂರಕ್ಕೆ ೧೨. ಹನ್ನೆರಡು ಚಿಕ್ಕ ಸಂಖ್ಯೆಯೆಂದು ನಾವು ಎಣಿಸುವುದಿಲ್ಲ. ಮಗನಿಗೆ ತನ್ನ ಮೂತ್ರಪಿಂಡವನ್ನು ದಾನ ಮಾಡಲು ಮುಂದೆ ಬರುವ ತಾಯಿಯನ್ನು ವೈದ್ಯರು ಈಗ ಮೊದಲು ತಾನೇ ಎಷ್ಟು ಆರೋಗ್ಯವಂತಳೆಂದು ಪರೀಕ್ಷಿಸುತ್ತಾರೆ.

ರೋಗದ ಲಕ್ಷಣಗಳು ಸದ್ದಿಲ್ಲದೆ ಬರುತ್ತವೆ. ಮೂತ್ರದಲ್ಲಿ ರಕ್ತವು ಎಳೆತನದಿಂದಲೇ ಇದ್ದರೂ ಬರಿಗಣ್ಣಿಗೆ ತೋರದಷ್ಟು ಅಲ್ಪ. ನೆಗಡಿಯೋ ಗಂಟಲುನೋವೋ ಬಂದಾಗ ಮಾತ್ರ ಒಂದೆರಡು ದಿನ ಮೂತ್ರವು ಹಾಲು ಬೆರಸದ ಚಹದ ಬಣ್ಣಕ್ಕೆ ತಿರುಗಬಹುದು. ನೋವಿಲ್ಲದ ಕಾರಣ ಮಗುವು ಹೇಳುವುದಿಲ್ಲ, ಹಿರಿಯರು ‘ಉಷ್ಣ’ವೆಂದು ಸುಮ್ಮನಾಗುತ್ತಾರೆ. ಮುಂದೆ ಸಸಾರಜನಕವೂ ಸೋರತೊಡಗುತ್ತದೆ. ಆಮೇಲೆ ರಕ್ತದ ಒತ್ತಡವೇರುತ್ತದೆ. ಕಣ್ಣಿನಲ್ಲಿ ಮಸೂರದ ಮುಂಭಾಗವು ಶಂಕುವಿನಂತೆ ಉಬ್ಬಿ, ಕನ್ನಡಕದ ನಂಬರು ಮೇಲಿಂದ ಮೇಲೆ ಬದಲಾಗುತ್ತದೆ. ಇದು ಸಾಮಾನ್ಯವಾಗಿ ಯೌವನದ ಹೊತ್ತಿಗೆ ತೋರುವ ಲಕ್ಷಣ. ಆ ಮಸೂರವನ್ನು ತೆಗೆದು ಬೇರೆ ಮಸೂರವನ್ನಿಡುವ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಚೆನ್ನಾಗಿಯೇ ಮರಳುತ್ತದೆ.

ಕಿವಿಯ ವಿಷಯ ಹಾಗಲ್ಲ, ಮತ್ತು ನಾವು ಆರಂಭದಲ್ಲಿ ಹೇಳಿದ ಹಿಂದಿನ ಬೆಂಚು ಬರುವುದು ಇಲ್ಲಿಯೇ. ಈ ರೋಗದ ಮಗು ಹುಟ್ಟುವಾಗ ಚೆನ್ನಾಗಿ ಕೇಳುತ್ತದೆ, ಮಾತೂ ಸರಿಯಾಗಿ ಬರುತ್ತದೆ. ಹತ್ತು ವರ್ಷದ ಆಚೆಈಚೆಗೆ ಎರಡು ಕಿವಿಗಳಲ್ಲಿಯೂ ಶ್ರವಣಶಕ್ತಿ ಕುಗ್ಗತೊಡಗುತ್ತದೆ. ಮೊದಲು ಹೋಗುವುದು ಎತ್ತರದ ಸ್ವರಗಳು. ಗಂಡಸರ ದನಿ, ಬಸ್ಸಿನ ಸದ್ದು, ಬಾಗಿಲು ಬಡಿಯುವುದು ಎಲ್ಲವೂ ಕೇಳುತ್ತವೆ. ಹಕ್ಕಿಯ ಚಿಲಿಪಿಲಿ ಕೇಳುವುದಿಲ್ಲ. ಮಾತಿನಲ್ಲಿ ಸ್ವರಾಕ್ಷರಗಳು ಕೇಳುತ್ತವೆ, ‘ಸ’, ‘ಶ’, ‘ಚ’ಗಳಂತಹ ವ್ಯಂಜನಗಳು ಜಾರಿಹೋಗುತ್ತವೆ. ‘ಸಾಲು’, ‘ಹಾಲು’, ‘ಕಾಲು’, ‘ಪಾಲು’ ಎಂಬ ನಾಲ್ಕು ಮಾತುಗಳೂ ಆ ಮಗುವಿಗೆ ಒಂದೇ ಆಗಿ ಕೇಳಬಹುದು. ಉಕ್ತಲೇಖನದಲ್ಲಿ ಅದು ಒಂದಕ್ಕೆ ಇನ್ನೊಂದನ್ನು ಬರೆದರೆ ಉಪಾಧ್ಯಾಯರಾದ ನಾವು ಏನೆನ್ನುತ್ತೇವೆ? ಗಮನವಿಲ್ಲವೆನ್ನುತ್ತೇವೆ. ಕರೆದಾಗ ತಿರುಗಿ ನೋಡಿದ ಹುಡುಗ, ಪ್ರಶ್ನೆಗೆ ಉತ್ತರ ಕೊಡದಿದ್ದರೆ ಸೋಗು ಹಾಕುತ್ತಾನೆಂದು ಬಗೆಯುತ್ತೇವೆ. ಅರ್ಧ ಕೇಳುವ ಕಿವಿ ಪೂರ್ತಿ ಕೇಳದ ಕಿವಿಗಿಂತ ಹೆಚ್ಚು ಬೈಗಳನ್ನು ತಿನ್ನುತ್ತದೆ. ಇಂತಹ ಹುಡುಗರಲ್ಲಿ ಎಲ್ಲರಿಗೂ ಆಲ್ಪೋರ್ಟ್ ವ್ಯಾಧಿಯೆಂದು ಹೇಳುವಂತಿಲ್ಲ; ಕಿವಿ ಮಂದವಾಗುವುದಕ್ಕೆ ಬೇರೆ ಕಾರಣಗಳು ಎಷ್ಟೋ ಇವೆ. ಆದರೆ ಕಿವಿಯ ಜೊತೆಗೆ ಮೂತ್ರವನ್ನೂ ಪರೀಕ್ಷಿಸಿದುದರಿಂದ ಈ ರೋಗ ಬೇಗ ಪತ್ತೆಯಾಗುವುದುಂಟು. ಕಳೆದುಹೋದ ಶ್ರವಣವನ್ನು ಹಿಂದಕ್ಕೆ ತರುವ ಔಷಧವಿಲ್ಲ. ಶ್ರವಣಯಂತ್ರದಿಂದ ಬಹಳ ಪ್ರಯೋಜನವುಂಟು, ಮುಂದಿನ ಬೆಂಚಿನಿಂದಲೂ ಉಂಟು.

ಈಗ ಶೋಧದ ಕಥೆಗೆ ಮರಳೋಣ. ಸಾಧಾರಣ ಸೂಕ್ಷ್ಮದರ್ಶಕಕ್ಕೆ ತಳಪೊರೆಯ ಒಳರಚನೆ ಕಾಣದು. ೧೯೭೨ರ ಸುಮಾರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದವರಿಗೆ ಆ ಪೊರೆಯು ಕೆಲವೆಡೆ ತೆಳುವಾಗಿಯೂ ಕೆಲವೆಡೆ ದಪ್ಪವಾಗಿಯೂ, ಸೀಳುಸೀಳಾಗಿ ಬುಟ್ಟಿಯ ಹೆಣಿಗೆಯಂತೆಯೂ ಕಂಡಿತು. ಪೊರೆಯೇ ಕೆಟ್ಟಿದೆಯೆಂಬುದು ಖಚಿತವಾಯಿತು. ಆದರೆ ಪೊರೆಯಲ್ಲಿ ಏನು ಕೆಟ್ಟಿದೆ? ಸುಳಿವು ಬಂದದ್ದು ಬೇರೊಂದು ರೋಗದಿಂದ. ಗುಡ್‌ಪಾಸ್ಚರ್ ರೋಗವೆಂಬುದೊಂದಿದೆ, ಅದರಲ್ಲಿ ರೋಗಿಯ ಸ್ವಂತ ರಕ್ತವೇ ಈ ತಳಪೊರೆಯ ಒಂದು ಭಾಗಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಪ್ರತಿಕಾಯಗಳನ್ನು ಯಾವ ಮನುಷ್ಯನ ಮೂತ್ರಪಿಂಡದ ಚೂರಿಗೆ ಹಾಕಿದರೂ ಅಂಟಿಕೊಳ್ಳಬೇಕು. ೧೯೭೬ರಲ್ಲಿ ಆಲ್ಪೋರ್ಟ್ ರೋಗಿಗಳ ಮೂತ್ರಪಿಂಡಕ್ಕೆ ಹಾಕಿ ನೋಡಿದರು, ಅಂಟಲಿಲ್ಲ. ಅಂದರೆ, ಎಲ್ಲರ ಪೊರೆಯಲ್ಲಿಯೂ ಇರುವ ಯಾವುದೋ ಒಂದು ವಸ್ತು ಇವರ ಪೊರೆಯಲ್ಲಿ ಇಲ್ಲವೇ ಇಲ್ಲ. ಇರುವುದನ್ನು ಕಂಡುಹಿಡಿಯುವುದಕ್ಕಿಂತ ಇಲ್ಲದಿರುವುದನ್ನು ಕಂಡುಹಿಡಿಯುವುದು ಕಷ್ಟ. ಈ ಪ್ರಯೋಗವು ನಮಗೆ ಬಹಳ ಹಿಡಿಸಿರುವುದು ಅದಕ್ಕಾಗಿಯೇ.

ಆ ವಸ್ತು ಕೊಲ್ಯಾಜೆನ್ ಎಂಬ ಸಸಾರಜನಕದ ಒಂದು ಬಗೆಯೆಂದು ತಿಳಿದುಬಂತು. ಕೊಲ್ಯಾಜೆನ್ ಎಂದರೆ ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಬಿಗಿ ಕೊಡುವ ನಾರು. ಹದಮಾಡಿದ ತೊಗಲೆಂದರೆ ಬಹುಪಾಲು ಅದೇ. ಇಲ್ಲಿ ನಾವು ೧೯೫೦ರ ದಶಕದ ಮದ್ರಾಸಿಗೆ ಬರಬೇಕು. ಮದ್ರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗವು ಗಿಂಡಿಯಲ್ಲಿತ್ತು. ಅದರ ಮುಖ್ಯಸ್ಥರು ಜಿ. ಎನ್. ರಾಮಚಂದ್ರನ್, ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು, ಆಗ ಮೂವತ್ತರ ಹರೆಯ. ಸಮೀಪದ ಅಡ್ಯಾರಿನಲ್ಲಿದ್ದ ಕೇಂದ್ರ ಚರ್ಮ ಸಂಶೋಧನಾಲಯದಿಂದ ಕಾಂಗರೂ ಬಾಲದ ಸ್ನಾಯುರಜ್ಜುವನ್ನು ತರಿಸಿಕೊಂಡು, ಗೋಪಿನಾಥ ಕರ್ತಾ ಅವರೊಡನೆ ಕ್ಷಕಿರಣಗಳಿಂದ ಅದನ್ನು ಪರೀಕ್ಷಿಸಿದರು. ೧೯೫೪ರಲ್ಲಿಯೂ ೧೯೫೫ರಲ್ಲಿಯೂ ‘ನೇಚರ್’ ಪತ್ರಿಕೆಯಲ್ಲಿ ಅವರ ಉತ್ತರ ಪ್ರಕಟವಾಯಿತು: ಕೊಲ್ಯಾಜೆನ್ ಎಂಬುದು ಮೂರು ಎಳೆಗಳು ಒಂದನ್ನೊಂದು ಸುತ್ತಿಕೊಂಡ ಹುರಿ. ಮುಂದೆ ಇತರರು ಅದರಲ್ಲಿ ಕೆಲವು ತಿದ್ದುಪಡಿಗಳನ್ನು ಮಾಡಿದರೂ ಮೂರೆಳೆಯೆಂಬ ಮೂಲಮಾತು ನಿಂತಿತು. ಅಡ್ಯಾರಿನ ಆ ಸಂಶೋಧನಾಲಯದ ಸಭಾಂಗಣಕ್ಕೆ ‘ಟ್ರಿಪಲ್ ಹೆಲಿಕ್ಸ್’ ಎಂಬ ಹೆಸರಿರುವುದು ಇದರ ನೆನಪಿಗಾಗಿ. ರಾಮಚಂದ್ರನ್ ಅವರು ೧೯೭೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಹೋಗಿ ಅಲ್ಲಿ ಹೊಸ ವಿಭಾಗವೊಂದನ್ನು ಕಟ್ಟಿದರು.

ನಮ್ಮ ವಿದ್ಯಾರ್ಥಿನಿಯರು ಬೆಳಗ್ಗೆ ಹೆಣೆದುಕೊಂಡು ಬರುವ ಜಡೆಯನ್ನು ನೆನೆಯಿರಿ. ಮೂರು ಎಳೆಗಳ ಹೆಣಿಗೆಯಲ್ಲಿ ಒಂದೊಂದು ಎಳೆಯೂ ಸರದಿಯ ಪ್ರಕಾರ ನಡುವಿಗೆ ಬರುತ್ತದೆ. ಕೊಲ್ಯಾಜೆನ್ನಿನ ಎಳೆ ಕೂದಲಲ್ಲ. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಮೂರು ಸರಗಳು ಸುತ್ತಿಕೊಂಡಾಗ ಪ್ರತಿಯೊಂದು ಸರದ ಮೂರನೆಯ ಮಣಿಯೂ ಹುರಿಯ ನಟ್ಟನಡುವೆ ಬೀಳುತ್ತದೆ. ಆ ನಡುವೆ ಜಾಗ ಬಹಳ ಇಕ್ಕಟ್ಟು. ಎಲ್ಲಕ್ಕಿಂತ ಚಿಕ್ಕ ಮಣಿಯಾದ ಗ್ಲೈಸೀನ್ ಒಂದೇ ಅಲ್ಲಿ ಹಿಡಿಸಬಲ್ಲುದು. ಕೊಲ್ಯಾಜೆನ್ನಿನಲ್ಲಿ ಮೂರರಲ್ಲೊಂದು ಪಾಲು ಗ್ಲೈಸೀನ್ ಏಕಿದೆಯೆಂಬ ಪ್ರಶ್ನೆಗೆ ಮದ್ರಾಸಿನ ರಚನೆಯು ಕೊಟ್ಟ ಉತ್ತರವಿದು. ಒಂದೇ ಒಂದು ಗ್ಲೈಸೀನಿನ ಜಾಗದಲ್ಲಿ ದೊಡ್ಡ ಮಣಿಯೊಂದು ಬಂದು ಕುಳಿತರೆ ಅಲ್ಲಿ ಹುರಿಯು ಸರಿಯಾಗಿ ಸುತ್ತಿಕೊಳ್ಳದು.

ತೊಗಲಿನ ನಾರನ್ನು ನೋಡುತ್ತಿದ್ದ ಆ ಇಬ್ಬರಿಗೆ ಆಲ್ಪೋರ್ಟ್ ವ್ಯಾಧಿಯ ಯೋಚನೆಯೇ ಇರಲಿಲ್ಲ. ಆದರೆ ೧೯೯೦ರಲ್ಲಿ ಅಮೆರಿಕದ ಯೂಟಾ ಪ್ರಾಂತದ ಬಾರ್ಕರ್, ಆಟ್ಕಿನ್ ಮೊದಲಾದವರೂ ಫಿನ್ಲೆಂಡಿನ ಟ್ರಿಗ್ವಸನ್ ಅವರ ತಂಡವೂ ಕೂಡಿ, ಯೂಟಾದ ಮೂರು ವಂಶಗಳಲ್ಲಿ ಎಕ್ಸ್ ವರ್ಣತಂತುವಿನ ಮೇಲಿನ ಒಂದು ವಂಶವಾಹಿ ಕೆಟ್ಟಿರುವುದನ್ನು ತೋರಿಸಿದಾಗ, ಆ ವಂಶವಾಹಿಯು ಕೊಲ್ಯಾಜೆನ್ನಿನದೇ ಆಗಿತ್ತು. ತಳಪೊರೆಯಲ್ಲಿರುವ ನಾಲ್ಕನೆಯ ಬಗೆಯ ಕೊಲ್ಯಾಜೆನ್ನಿಗೆ ಆರು ತರಹದ ಎಳೆಗಳುಂಟು. ಎಕ್ಸ್ ಮೇಲಿರುವುದು ಐದನೆಯ ಎಳೆಯ ವಂಶವಾಹಿ. ೧೯೯೪ರಲ್ಲಿ ಮೂರನೆಯ ಮತ್ತು ನಾಲ್ಕನೆಯ ಎಳೆಗಳ ವಂಶವಾಹಿಗಳ ದೋಷವೂ ಇದೇ ರೋಗವನ್ನು ತರುತ್ತದೆಂದು ತಿಳಿಯಿತು. ಅವು ಎರಡನೆಯ ವರ್ಣತಂತುವಿನ ಮೇಲಿವೆ. ಅಂದಿನಿಂದ ಕಂಡುಬಂದಿರುವ ನೂರಾರು ದೋಷಗಳಲ್ಲಿ ಬಹಳಷ್ಟು ಗ್ಲೈಸೀನ್ ಬದಲಾದವುಗಳೇ. ಮೂರು, ನಾಲ್ಕು, ಐದು, ಈ ಮೂರು ಎಳೆಗಳು ಸೇರಿಯೇ ಒಂದು ಜಡೆ. ಒಂದು ಕೈಕೊಟ್ಟರೆ ಮೂರೂ ಪೊರೆಯಲ್ಲಿ ನಿಲ್ಲವು. ಈ ಜಡೆಯು ದೇಹದಲ್ಲಿ ಎಲ್ಲ ಕಡೆಯೂ ಇಲ್ಲ. ಅದಿರುವ ಮುಖ್ಯ ಸ್ಥಳಗಳಲ್ಲಿ ಮೂತ್ರಪಿಂಡದ ಶೋಧಕ, ಕಿವಿಯ ಶಂಖ, ಕಣ್ಣಿನ ಮಸೂರದ ಕವಚ ಸೇರಿವೆ. ತಲೆಬರಹದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದೇ.

ಹುಟ್ಟಿನಿಂದಲೇ ದೋಷವಿದ್ದರೂ ಮಗು ಹಲವು ವರ್ಷ ಚೆನ್ನಾಗಿರುವುದು ಹೇಗೆ? ಗರ್ಭದಲ್ಲಿ ಶೋಧಕದ ಪೊರೆಯು ಒಂದನೆಯ ಮತ್ತು ಎರಡನೆಯ ಎಳೆಗಳಿಂದ ಆಗಿರುತ್ತದೆ. ಮುಂದೆ ಆ ಜಾಗಕ್ಕೆ ಮೂರು, ನಾಲ್ಕು, ಐದರ ಗಟ್ಟಿ ಹೆಣಿಗೆ ಬರುತ್ತದೆ. ಈ ಮಕ್ಕಳಲ್ಲಿ ಆ ಬದಲಾವಣೆ ನಡೆಯುವುದಿಲ್ಲ. ಶಿಶುವಿನ ಪೊರೆಯೇ ದೊಡ್ಡವರ ರಕ್ತದೊತ್ತಡವನ್ನು ತಡೆಯಬೇಕಾಗುತ್ತದೆ, ಮತ್ತು ದಿನಕ್ರಮೇಣ ಸೀಳುತ್ತದೆ.

ಮೂತ್ರಪಿಂಡ ಪೂರ್ತಿ ಸೋತವರಿಗೆ ಡಯಾಲಿಸಿಸ್ ಇದೆ, ಬೇರೊಬ್ಬರ ಮೂತ್ರಪಿಂಡದ ಕಸಿಯಿದೆ. ಕಸಿ ಸಾಮಾನ್ಯವಾಗಿ ಚೆನ್ನಾಗಿ ಹಿಡಿಯುತ್ತದೆ. ನೂರರಲ್ಲಿ ಮೂರು ನಾಲ್ಕು ಮಂದಿಯಲ್ಲಿ ಮಾತ್ರ ದೇಹವು ತಾನೆಂದೂ ಕಾಣದ ಆ ಎಳೆಯನ್ನು ಹೊಸ ಅಂಗದಲ್ಲಿ ಕಂಡು ಶತ್ರುವೆಂದು ಭ್ರಮಿಸುತ್ತದೆ. ಆದರೆ ಸೋಲುವ ಮೊದಲೇ ಏನಾದರೂ ಮಾಡಬಹುದೇ? ಬ್ರೆಜಿಲಿನ ಜರಾರಾಕ ಎಂಬ ಹಾವಿನ ವಿಷವನ್ನು ೧೯೬೦ರ ದಶಕದಲ್ಲಿ ಪರೀಕ್ಷಿಸಿದವರಿಂದ, ರಕ್ತದ ಒತ್ತಡವನ್ನು ಇಳಿಸುವ ಒಂದು ಜಾತಿಯ ಔಷಧಗಳಿಗೆ ದಾರಿಯಾಯಿತು. ಆ ಜಾತಿಯ ರಾಮಿಪ್ರಿಲ್ ಎಂಬುದನ್ನು ಜರ್ಮನಿಯ ಗ್ರಾಸ್ ಮತ್ತು ಸಂಗಡಿಗರು ಈ ರೋಗದ ಇಲಿಗಳಿಗೆ ಕೊಟ್ಟರು. ೨೦೦೩ರಲ್ಲಿ ಪ್ರಕಟವಾದ ಫಲಿತಾಂಶ: ಎಳೆಯದರಲ್ಲೇ ಕೊಟ್ಟ ಇಲಿಗಳ ಆಯುಸ್ಸು ಎರಡರಷ್ಟಕ್ಕಿಂತ ಹೆಚ್ಚಾಯಿತು, ತಡಮಾಡಿ ಕೊಟ್ಟಾಗ ಲಾಭ ಬಹಳ ಕಡಮೆ. ೨೦೧೨ರಲ್ಲಿ ಯೂರೋಪಿನ ರೋಗಿಗಳ ದಾಖಲೆಗಳಿಂದ ಮನುಷ್ಯರ ಲೆಕ್ಕವೂ ಹೊರಬಂತು. ಈ ಔಷಧ ಪಡೆಯದವರಲ್ಲಿ ಅರ್ಧದಷ್ಟು ಜನರು ೨೨ನೆಯ ವಯಸ್ಸಿಗೆ ಡಯಾಲಿಸಿಸ್ಸನ್ನು ತಲಪಿದ್ದರು. ಮೂತ್ರಪಿಂಡ ಬಹಳ ಕುಗ್ಗಿದ ಮೇಲೆ ಔಷಧ ಪಡೆದವರಲ್ಲಿ ಆ ವಯಸ್ಸು ೨೫. ಸಸಾರಜನಕ ಸೋರತೊಡಗಿದ ಕಾಲದಲ್ಲಿಯೇ ಪಡೆದವರಲ್ಲಿ ೪೦. ಒಡಹುಟ್ಟಿದವರನ್ನು ಜೋಡಿಜೋಡಿಯಾಗಿ ಹೋಲಿಸಿದಾಗಲೂ ಬೇಗ ಆರಂಭಿಸಿದವರಿಗೇ ಹೆಚ್ಚು ವರ್ಷಗಳು ಸಿಕ್ಕಿದ್ದವು. ಔಷಧ ರೋಗವನ್ನು ವಾಸಿಮಾಡಲಿಲ್ಲ. ಒಬ್ಬ ಯುವಕನಿಗೆ ಓದು, ಉದ್ಯೋಗ, ಸಂಸಾರಗಳ ಕಾಲವನ್ನು ಉಳಿಸಿಕೊಟ್ಟಿತು.

ಎಲ್ಲ ಪ್ರಯತ್ನಗಳೂ ಹೀಗೆ ಕೈಗೂಡಲಿಲ್ಲ. ಬಾರ್ಡೋಕ್ಸೊಲೋನ್ ಎಂಬ ಔಷಧಕ್ಕೆ ೨೦೨೨ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ನಿರಾಕರಿಸಿದರು. ವಂಶವಾಹಿಯ ಓಲೆಯಲ್ಲಿ ತಪ್ಪಿರುವ ಭಾಗವನ್ನೇ ಹಾರಿಸಿ ಓದಿಸುವ ಉಪಾಯವೊಂದನ್ನು ಜಪಾನಿನ ಕೋಬೆ ನಗರದವರು ೨೦೨೦ರಲ್ಲಿ ಇಲಿಗಳ ಮೇಲೆ ಮಾಡಿ ಯಶಸ್ಸು ಕಂಡರು.

ಬೇಗ ಆರಂಭಿಸಬೇಕಾದರೆ ಬೇಗ ತಿಳಿಯಬೇಕು. ಅದೇ ಜಪಾನಿನಲ್ಲಿ ೧೯೭೪ರಿಂದ ಶಾಲಾಮಕ್ಕಳ ಮೂತ್ರವನ್ನು ವರ್ಷವರ್ಷವೂ ಪರೀಕ್ಷಿಸುವ ಪದ್ಧತಿಯಿದೆ. ಬೆಳಗ್ಗೆ ಎದ್ದ ಕೂಡಲೆ ಮನೆಯಲ್ಲಿ ಹಿಡಿದದ್ದನ್ನು ಚಿಕ್ಕದೊಂದು ಸೀಸೆಯಲ್ಲಿ ಮಕ್ಕಳು ಶಾಲೆಗೆ ತಂದೊಪ್ಪಿಸುತ್ತಾರೆ. ನಮ್ಮ ವಿದ್ಯಾರ್ಥಿಗಳು ಇದನ್ನೋದಿ ನಗುವರೆಂಬುದನ್ನು ಬಲ್ಲೆವು. ಅಲ್ಲಿಯ ಮಕ್ಕಳೂ ಮೊದಲು ನಕ್ಕಿರಬಹುದು. ಪರೀಕ್ಷೆಗೆ ಬೇಕಾದುದು ಬೆರಳಿಗಿಂತ ಕಿರಿದಾದ ಒಂದು ಪಟ್ಟಿ. ಅದನ್ನು ಮೂತ್ರದಲ್ಲಿ ಅದ್ದಿ ಒಂದು ನಿಮಿಷ ಕಾಯಬೇಕು. ಅದರ ಮೇಲಿನ ಹಳದಿಯ ಚೌಕವೊಂದು ಹಸಿರಿಗೆ ತಿರುಗಿದರೆ ಕಣ್ಣಿಗೆ ಕಾಣದ ರಕ್ತವಿರಬಹುದೆಂದು ಅರ್ಥ. ಆಗ ವೈದ್ಯರು ಮಗುವನ್ನು ಪರೀಕ್ಷಿಸುತ್ತಾರೆ, ಮನೆಯಲ್ಲಿ ಯಾರಿಗಾದರೂ ಕಿವಿ ಮಂದವೇ ಎಂದು ಕೇಳುತ್ತಾರೆ, ಆಮೇಲೆ ಅದರ ತಾಯಿಯನ್ನೂ ಅಕ್ಕತಂಗಿಯರನ್ನೂ ಪರೀಕ್ಷೆಗೆ ಕರೆಯುತ್ತಾರೆ.